ಒಂಬತ್ತನೆಯ ಗ್ಲಾಸು

ಒಂಬತ್ತನೆಯ ಗ್ಲಾಸಿಗೆ ಮೂಗೊಡ್ಡಿದಾಗ ಸೊಲಾಂಜ್‌ಗೆ ಬಂದದ್ದು ಆಗಷ್ಟೇ ಆರಿದ ಮೇಣದ ಬತ್ತಿಯ ವಾಸನೆ.

ಗ್ಲಾಸುಗಳೆಲ್ಲ ಕಪ್ಪು, ಒಳಗಿನ ವೈನಿನ ಬಣ್ಣವೂ ಕಾಣದು. ಹೆಸರಿಲ್ಲ, ಬರೀ ಸಂಖ್ಯೆ. ಐವರು ಪರೀಕ್ಷಕರ ನಡುವೆ ಹಲಗೆಯ ಮರೆ. ಯಾರ ತೋಟದ್ದೆಂದು ತಿಳಿದರೆ ನಾಲಿಗೆ ಮುಲಾಜಿಗೆ ಬೀಳುತ್ತದೆಂದು ಫ್ರಾನ್ಸಿನ ಬರ್ಗಂಡಿಯ ಆ ಊರಿನ ವೈನ್ ತಯಾರಕರ ಸಂಘ ಮಾಡಿಕೊಂಡ ಏರ್ಪಾಡು. ಹನ್ನೆರಡರಲ್ಲಿ ಒಂದು ಗ್ಲಾಸಿನಲ್ಲಿ ನೀರಿರುತ್ತದೆ. ನೀರಿಗೆ ವೈನಿನ ಗುಣ ಕಟ್ಟಿ ಬರೆದವರು ಪರೀಕ್ಷಕರ ಮಂಡಳಿ ಬಿಡಬೇಕು. ಕಳೆದ ಚಳಿಗಾಲದ ಜ್ವರದ ನಂತರ ಸೊಲಾಂಜಳ ಮೂಗು ಮಂಕಾಗಿದೆಯೆಂಬ ಗುಸುಗುಸು ಮೊದಲೇ ಇತ್ತು. ಇಪ್ಪತ್ತಾರು ವರ್ಷ ಕೂತ ಕುರ್ಚಿ ಅದು.

ಬಾಯಿಗಿಟ್ಟಳು. ನಾಲಿಗೆ ನೀರೆಂದಿತು, ಮೂಗು ಒಪ್ಪಲಿಲ್ಲ. ಮತ್ತೆ ಮೂಸಿದಳು. ಸುಟ್ಟ ಬತ್ತಿ, ತೇವದ ಕಲ್ಲು. ಹನ್ನೊಂದು ವರ್ಷದ ಹಿಂದೆ ಗಂಡ ಎತಿಯೆನ್‌ನನ್ನು ಇದೇ ಕಟ್ಟಡದ ನೆಲಮಾಳಿಗೆಯಿಂದ ಎತ್ತಿ ತಂದಾಗ ಅವನ ಅಂಗಿಯಲ್ಲಿದ್ದ ವಾಸನೆ. ದ್ರಾಕ್ಷಿರಸ ಹುದುಗುವಾಗ ಏಳುವ ವಿಷಗಾಳಿ ಕೆಳಗೇ ಮಡುಗಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬತ್ತಿ ಹಿಡಿದು ಇಳಿಯಬೇಕು, ಆರಿದರೆ ಹಿಂದಿರುಗಬೇಕು. ಎತಿಯೆನ್ ಹಿಂದಿರುಗಿರಲಿಲ್ಲ.

ಮೂಗು ಹೇಳಿದ್ದನ್ನೇ ಬರೆದಳು.

ಉಳಿದ ನಾಲ್ವರೂ ನೀರೆಂದೇ ಬರೆದಿದ್ದರು. ಅಧ್ಯಕ್ಷ ರೇಮಿ, ಎತಿಯೆನ್‌ನ ಕೈಕೆಳಗೇ ಕೆಲಸ ಕಲಿತವನು, ಅವಳನ್ನು ಪಕ್ಕಕ್ಕೆ ಕರೆದ.

“ಮದಾಮ್, ಇದು ನಲ್ಲಿ ನೀರು, ನಾನೇ ಹಿಡಿದದ್ದು. ಬರೆದದ್ದನ್ನ ಹೊಡೆದುಹಾಕಿ. ನಾನು ನೋಡೇ ಇಲ್ಲ ಅಂದ್ಕೊಳ್ಳಿ.”

“ಮುಲಾಜಿಗೆ ಬರೆಯೋದಾದ್ರೆ ಈ ಕಪ್ಪು ಗ್ಲಾಸು ಯಾತಕ್ಕಪ್ಪಾ?”

ರೇಮಿ ನಿಟ್ಟುಸಿರಿಟ್ಟು, ಮುಂದಿನ ಸುತ್ತಿನ ಬಾಟಲಿ ತರಲು, ಈ ವರ್ಷದ ರಸ ಹುದುಗುತ್ತಿದ್ದ ನೆಲಮಾಳಿಗೆಯ ಕಡೆ ಹೊರಟ. ಅವಳು ಅವನ ತೋಳು ಹಿಡಿದಳು. ಬತ್ತಿ ತಗೊಂಡು ಹೋಗು ಎಂದಳು. ಕೆಳಗೆ ಫ್ಯಾನು ಹಾಕಿಸಿ ಎಷ್ಟು ವರ್ಷವಾಯಿತು, ಈಗ ಯಾರು ಬತ್ತಿ ಹಿಡಿಯುತ್ತಾರೆ ಎಂದು ನಕ್ಕ. ಆದರೂ ಹಿರಿಯಳ ಮನಸ್ಸಿಗೆಂದು ಒಂದನ್ನು ಹಚ್ಚಿಕೊಂಡ.

ಬಾಗಿಲಲ್ಲಿ ನಿಂತು ಅವಳು ಎಣಿಸಿದಳು. ಆರನೆಯ ಮೆಟ್ಟಿಲಿನಲ್ಲಿ ಜ್ವಾಲೆ ಕುಗ್ಗಿತು, ಏಳನೆಯದರಲ್ಲಿ ಆರಿತು. ರೇಮಿ ಉಸಿರು ಬಿಗಿಹಿಡಿದು ನಿಂತ. ಆಗ ಇಬ್ಬರಿಗೂ ತಿಳಿಯಿತು: ಫ್ಯಾನಿನ ಸದ್ದಿಲ್ಲ.

ಮೇಲೆ ಬಂದವನ ಮುಖ ಬಿಳಿಚಿತ್ತು. ಕುರ್ಚಿ ನಿಮ್ಮದೇ, ಯಾರೂ ಕೇಳುವುದಿಲ್ಲ ಎಂದು ತೊದಲಿದ. ನೀರಿಗೆ ಗುಣ ಬರೆದಿದ್ದೇನೆ, ನಿಯಮ ನಿಯಮವೇ ಎಂದು ಅವಳು ಕೋಟು ತೊಟ್ಟಳು. ಹೋಗುವ ಮುನ್ನ ಒಂಬತ್ತನೆಯ ಗ್ಲಾಸನ್ನು ಇನ್ನೊಮ್ಮೆ ಮೂಸಿದಳು. ಏನೂ ಇಲ್ಲ. ಮೊದಲ ಸಾಲನ್ನು ಹೊಡೆಯದೆ ಅದರ ಕೆಳಗೆ ‘ಈಗ ನೀರು’ ಎಂದು ಬರೆದಳು.

ಆ ವಾಸನೆ ಈಗ ರೇಮಿಯ ಅಂಗಿಯಲ್ಲಿತ್ತು.