ಎರಡು ಸೆಕೆಂಡು

ಒಂದು ಸಾಲನ್ನು ತೆಗೆದು ನೋಡಿದ. ಏನೂ ಆಗಲಿಲ್ಲ.

ಆಸ್ಪತ್ರೆಯ ಟೋಕನ್ ಬೋರ್ಡಿನ ಪ್ರೋಗ್ರಾಮು ಆ ಸಾಲಿಲ್ಲದೆಯೂ ಸಲೀಸಾಗಿ ಓಡಿತು, ಇನ್ನಷ್ಟು ಚುರುಕಾಗಿಯೇ. ಒಂದು ನಂಬರು ಅಳಿಸಿ ಇನ್ನೊಂದು ಮೂಡುವ ಮುಂಚೆ ಎರಡು ಸೆಕೆಂಡು ಕಾಯಿಸುವ ಸಾಲು ಅದು. ಒಂಬತ್ತು ವರ್ಷದ ಹಿಂದೆ ಬರೆದವನು ಅವನೇ. ಮೇಲೊಂದು ಟಿಪ್ಪಣಿ: 'ದಯವಿಟ್ಟು ತೆಗೆಯಬೇಡಿ. ತೆಗೆಯುವ ಮುನ್ನ ನನ್ನನ್ನು ಕೇಳಿ.'

ಟಿಪ್ಪಣಿಗಳನ್ನು ಯಂತ್ರ ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಮನುಷ್ಯರು ಓದಿದ್ದರು. ಬಂದು ಕೇಳಿದ್ದರು. ಪ್ರತಿ ಸಲವೂ ಅವನು ಗಂಭೀರವಾಗಿ, "ಅದು ಇರಲಿ" ಎಂದಿದ್ದ. ಸಂಜೆ ಕಾಲೇಜಿನಲ್ಲಿ ಓದಿದ ಅವನನ್ನು ಹಗಲು ಕಾಲೇಜಿನವರು ಬಂದು ಕೇಳುತ್ತಿದ್ದುದು ಅದೊಂದನ್ನೇ.

ಯಾಕೆ ಬರೆದೆನೆಂಬುದು ಅವನಿಗೆ ನೆನಪಿರಲಿಲ್ಲ.

ಸೆಕ್ಷನ್ ಹೆಡ್ ಬಂದು ಕುರ್ಚಿಯ ಹಿಂದೆ ನಿಂತಳು. ಅವಳಿಗೆ ಕೆಲಸ ಕಲಿಸಿದವನು ಅವನೇ.

"ಎಲ್ಲಿಗೆ ಬಂತು ಸಾರ್, ನಿಮ್ಮ ಮಹಾಕಾವ್ಯ?"

"ಒಂದು ಸಾಲು ಉಳಿದಿದೆ."

"ಬೆಳಗ್ಗೇನೂ ಒಂದೇ ಉಳಿದಿತ್ತು."

ಅವನು ನಕ್ಕ. ತಿಂಗಳ ಕೊನೆಯೊಳಗೆ ಪ್ರತಿ ಸಾಲಿಗೂ ಕಾರಣ ಬರೆದು ಒಪ್ಪಿಸಬೇಕು. ಅವನ ಕಾಂಟ್ರಾಕ್ಟು ಮುಗಿಯುವುದೂ ಆವತ್ತೇ. ಮುಂದುವರಿಸುತ್ತೇವೆಂದು ಯಾರೂ ಹೇಳಿರಲಿಲ್ಲ. ಕೇಳಲು ಅವನಿಗೂ ಬಾಯಿ ಬಂದಿರಲಿಲ್ಲ.

ಸಾಲನ್ನು ಇದ್ದಲ್ಲೇ ಇಟ್ಟು, ಹಳೆಯ ಟಿಪ್ಪಣಿ ಅಳಿಸಿ ಹೊಸದು ಬರೆದ: 'ಹಳೆಯ ಪರದೆಗಳಿಗೆ ಇದು ಅಗತ್ಯ. ಅನುಮಾನವಿದ್ದರೆ ನನ್ನನ್ನು ಕೇಳಿ.' ಅವನು ಬರೆದ ಮೊದಲ ಸುಳ್ಳು ಟಿಪ್ಪಣಿ.

ಅವಳು ಬಗ್ಗಿ ಓದಿದಳು. "'ಕೇಳಿ' ಅಂತ ಯಾಕೆ ಸಾರ್? ನಿಮ್ಮನ್ನ ಕೇಳೋ ಹಾಗಿರಬಾರದು ಅಂತ ತಾನೇ ಬರೆಸ್ತಿರೋದು?"

"ಅಭ್ಯಾಸ ಆಗಿಬಿಟ್ಟಿದೆ."

"ತೆಗೀರಿ."

ತೆಗೆದ. ಸುಳ್ಳು ಉಳಿಯಿತು.

ಸಂಜೆ ಅಪ್ಪನನ್ನು ಕರೆತರಲು ಅದೇ ಆಸ್ಪತ್ರೆಗೆ ಹೋದ. ಕಣ್ಣು ತೋರಿಸಲು ಬಂದ ಅಪ್ಪ ಮುಷ್ಟಿಯಲ್ಲಿ ಟೋಕನ್ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದರು.

"ಈಗ ಬಂದ್ಯಾ? ನೋಡು ಆ ಬೋರ್ಡು. ನನಗಿಂತ ಅದಕ್ಕೇ ಕಣ್ಣಿನ ಡಾಕ್ಟರು ಬೇಕು. ನನ್ನ ನಂಬರು ಬಂತೇನೋ ಅಂತ ಏಳ್ತೀನಿ, ಅಷ್ಟರಲ್ಲಿ ಅದು ಕಣ್ಣು ಮುಚ್ಚಿಕೊಳ್ಳುತ್ತೆ. ಯಾವ ಪುಣ್ಯಾತ್ಮ ಮಾಡಿದ್ನೋ!"

"ಯಾರೋ ಏನೋ."

"ಓದಿದೋನಲ್ವೇನೋ ನೀನು? ಯಾಕೆ ಹಾಗಾಗುತ್ತೆ, ಹೇಳು."

ಅವನು ಬಾಯಿ ತೆರೆದ. ಪರದೆ ಕಪ್ಪಾಯಿತು. ಬೆಂಚುಗಳ ಮೇಲಿದ್ದ ಮುಖಗಳೆಲ್ಲ ಒಟ್ಟಿಗೇ ಮೇಲಕ್ಕೆ ತಿರುಗಿ ಕಾದವು. ಅವನೂ ತಲೆಯೆತ್ತಿ ಎಣಿಸಿದ. ಒಂದು. ಎರಡು.

ನಂಬರು ಮೂಡಿತು. ಯಾರೂ ಏಳಲಿಲ್ಲ.