ಗೇಟಿಗೆ ಕಟ್ಟಿದ ಪೊರಕೆ

ಭಾನುವಾರ ಬೆಳಗ್ಗೆ, ಮನೆಗಳ ಮುಂದಿನ ಹಾಲಿನ ಪ್ಯಾಕೆಟ್ಟು ಇನ್ನೂ ಒಳಗೆ ಹೋಗುವ ಮೊದಲೇ ಅಧ್ಯಕ್ಷರ ಸೀಟಿ ಕೇಳಿಸಿತೆಂದರೆ ಮಳೆಗಾಲ ಹತ್ತಿರ ಬಂತೆಂದು ಅರ್ಥ. ಅದು ಬೀದಿಯ ನಾಗರಿಕ ಸಂಘ ಚರಂಡಿ ಸ್ವಚ್ಛ ಮಾಡುವ ದಿನ. ತಮ್ಮ ಹಾರ್ಡ್‌ವೇರ್ ಅಂಗಡಿಯ ಷಟರನ್ನು ಅರ್ಧ ಎತ್ತಿ, ಸಲಿಕೆ, ಬಕೆಟ್ಟು, ಕೈಗವಸುಗಳನ್ನು ಫುಟ್‌ಪಾತಿನ ಮೇಲೆ ಹರಡಿಕೊಂಡು ನಿಂತ ಅಧ್ಯಕ್ಷರ ಹುರುಪನ್ನು ನೋಡಿದರೆ ಮಲಗಿದ್ದವರಿಗೂ ನಿದ್ದೆ ಹಾರಿಹೋಗಬೇಕು.

"ಬನ್ನಿ ಮೇಷ್ಟ್ರೇ, ಬನ್ನಿ! ಹಾಸಿಗೆ ನಿಮ್ಮನ್ನ ಬಿಟ್ಟುಕೊಡ್ತೋ ಇಲ್ವೋ ಅಂತ ಯೋಚನೆ ಆಗಿತ್ತು."

"ಹಾಸಿಗೆ ಬಿಟ್ರೂ ನೀವು ಬಿಡಬೇಕಲ್ಲ," ಎಂದು ಗೊಣಗುತ್ತಲೇ ಸಂಘದ ಕಾರ್ಯದರ್ಶಿಗಳಾದ ನಿವೃತ್ತ ಮೇಷ್ಟ್ರು ಒಂದು ಸಲಿಕೆ ಎತ್ತಿಕೊಂಡರು.

ಸಂಘ ಸುಮ್ಮನೆ ಹೆಸರಿಗೆ ಇದ್ದದ್ದಲ್ಲ. ಮಳೆಗೆ ಮುಂಚೆ ಚರಂಡಿ, ಚಳಿಗೆ ಮುಂಚೆ ಬೆಚ್ಚನೆ ಬಟ್ಟೆಗಳ ಸಂಗ್ರಹ, ಎಲೆ ಉದುರುವ ಕಾಲಕ್ಕೆ ಪಾರ್ಕು ಗುಡಿಸುವುದು, ಬೇಸಿಗೆಯಲ್ಲಿ ನೀರಿನ ಟ್ಯಾಂಕು ತೊಳೆಯುವುದು. ಪ್ರತಿ ಮನೆಯಿಂದ ಒಬ್ಬರು ಬರಲೇಬೇಕು. ಮೊದಮೊದಲು ಬರುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಉಳಿದವರು ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಹೊದ್ದು ಮಲಗುತ್ತಿದ್ದರು.

ಇದಕ್ಕೆ ಮದ್ದು ಕಂಡುಹಿಡಿದವರು ಅಧ್ಯಕ್ಷರೇ. ಒಂದು ಸಲ ಹಲ್ಲಿನ ಡಾಕ್ಟರು ಮಲಗಿಬಿಟ್ಟಿದ್ದಾಗ, ಕೆಲಸ ಮುಗಿಸಿದ ಗುಂಪನ್ನೆಲ್ಲ ಅವರ ಮನೆ ಮುಂದೆ ಕರೆದೊಯ್ದು, ಅಂಗಡಿಯಿಂದ ತಂದ ಹೊಸ ಪೊರಕೆಯೊಂದನ್ನು ಕೆಂಪು ರಿಬ್ಬನ್ನಿನಲ್ಲಿ ಗೇಟಿಗೆ ತಲೆಕೆಳಗಾಗಿ ಕಟ್ಟಿದರು. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡಾಕ್ಟರೂ ಪೈಜಾಮದಲ್ಲೇ ಹೊರಬಂದು ನಕ್ಕರು. ಮುಂದಿನ ಸಲ ಎಲ್ಲರಿಗಿಂತ ಮೊದಲು ಬಂದು ನಿಂತವರು ಅವರೇ. ಅಂದಿನಿಂದ ತಮಾಷೆ ನಿಯಮವಾಯಿತು. ಬಾರದ ಮನೆಯ ಗೇಟಿಗೆ ಪೊರಕೆ. ಮುಂದಿನ ಕೆಲಸದ ದಿನದವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ. ಹೋಗುವವರು ಬರುವವರು ನೋಡಿ ನಗುತ್ತಿದ್ದರು, ಸಂಘದ ಕೆಲಸವೂ ಹೂ ಎತ್ತಿದಂತೆ ಸಾಗುತ್ತಿತ್ತು. ಅಧ್ಯಕ್ಷರಿಗೆ ತಮ್ಮ ಬುದ್ಧಿಯ ಬಗ್ಗೆ ಭಾರಿ ಹೆಮ್ಮೆ.

ಈ ಮದ್ದು ನಾಟದ ಮನೆ ಒಂದೇ ಒಂದು, ಟೈಲರಮ್ಮನದು. ಬೀದಿಯ ಕೊನೆಯ ಆ ಚಿಕ್ಕ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಹೆಂಡತಿ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಶಾಲೆಯ ಯೂನಿಫಾರಂ, ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಕರೆಯಲು ಹೋದರೆ ಬಾಗಿಲನ್ನು ಅಂಗೈಯಗಲ ತೆರೆದು, "ಅವರು ಮಲಗಿದ್ದಾರೆ, ನನಗೂ ಕೆಲಸ ಇದೆ," ಎನ್ನುತ್ತಿದ್ದಳು. ಒಳಗೆ ಬನ್ನಿ ಎಂದವಳಲ್ಲ. ಎಷ್ಟು ಜಂಬ, ಎಂದು ಬೀದಿಯವರು ಮೂಗು ಮುರಿಯುತ್ತಿದ್ದರು.

ಅಂದೂ ಅವಳು ಬರಲಿಲ್ಲ. ಚರಂಡಿಯ ಕೆಸರು ಮೆತ್ತಿದ ಬೂಟುಗಳಲ್ಲೇ ಗುಂಪು ಅವಳ ಮನೆ ಮುಂದೆ ಸೇರಿತು. ಅಧ್ಯಕ್ಷರು ಹಳೆಯ ಪೊರಕೆ ಬಿಚ್ಚಿ ಹೊಸದನ್ನು ಕಟ್ಟಿ, "ಸತತವಾಗಿ ಪ್ರಥಮ ಬಹುಮಾನ!" ಎಂದು ಘೋಷಿಸಿದರು. ಎಲ್ಲರೂ ನಗುತ್ತಿರುವಾಗ ಕಿಟಕಿಯಲ್ಲಿ ಡ್ರೈವರ್ ಕಾಣಿಸಿಕೊಂಡ. ಗೇಟಿನತ್ತ ನೋಡಿ, ಜನರನ್ನು ನೋಡಿ, ಅವನೂ ಬಾಯ್ತುಂಬ ನಕ್ಕು ಚಪ್ಪಾಳೆ ತಟ್ಟತೊಡಗಿದ. ಉಳಿದವರ ನಗು ನಿಂತರೂ ಅವನ ಚಪ್ಪಾಳೆ ನಿಲ್ಲಲಿಲ್ಲ. ಹಿಂದಿನಿಂದ ಒಂದು ಕೈ ಬಂದು ಅವನ ಕೈ ಹಿಡಿದು ಪರದೆ ಎಳೆಯಿತು.

"ನೋಡಿದ್ರಾ? ನಾಚಿಕೆನೂ ಬಿಟ್ಟಿದ್ದಾರೆ," ಎಂದರು ಅಧ್ಯಕ್ಷರು.

ಮನೆಗೆ ಬಂದು ಕೈಕಾಲು ತೊಳೆಯುವಾಗ, ಗುಂಪಿನ ಹಿಂದೆ ನಿಂತು ಎಲ್ಲ ನೋಡಿದ್ದ ಅವರ ಹೆಂಡತಿ ಟವೆಲ್ ಹಿಡಿದುಕೊಂಡು ನಿಂತಳು. "ರೀ, ಆ ಮನುಷ್ಯ ಚಪ್ಪಾಳೆ ತಟ್ಟಿದ್ದು ನನಗ್ಯಾಕೋ ಸರಿ ಕಾಣ್ಲಿಲ್ಲ."

"ನನಗೆ ಮಾತ್ರ ಸರಿ ಕಾಣ್ತಾ? ನಮ್ಮನ್ನೇ ಅಣಕಿಸ್ತಾನೆ."

"ಅಣಕಿಸಿದ ಹಾಗಿರ್ಲಿಲ್ಲ ಅದು," ಎಂದಳು ಅವಳು. ಅಧ್ಯಕ್ಷರು ಅಷ್ಟರಲ್ಲಿ ತಿಂಡಿ ಏನೆಂದು ಕೇಳಿಯಾಗಿತ್ತು.

ಕೆಲವು ದಿನಗಳ ನಂತರ ಟೈಲರಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಅಳತೆ ಟೇಪು ಹಾಗೇ ಇತ್ತು. ಅವಸರದಲ್ಲಿ ಎದ್ದು ಬಂದಂತಿತ್ತು. ಒಂದು ಚಿಲಕ ಬೇಕು ಎಂದಳು. ಬಾಗಿಲಿನ ಒಳಗಡೆ, ತೀರಾ ಮೇಲ್ಗಡೆ ಹಾಕುವುದಕ್ಕೆ, ಸುಲಭವಾಗಿ ಕಣ್ಣಿಗೆ ಬೀಳಬಾರದು.

ಅಷ್ಟು ಮೇಲೆ ಚಿಲಕ ಕೇಳುವವರು ಪುಟ್ಟ ಮಕ್ಕಳಿರುವ ಮನೆಯವರು. ಈ ವ್ಯಾಪಾರದಲ್ಲೇ ಕೂದಲು ನರೆಸಿಕೊಂಡ ಅಧ್ಯಕ್ಷರಿಗೆ ಅದು ತಿಳಿಯದ್ದೇನಲ್ಲ. ಆ ಮನೆಯಲ್ಲಿ ಮಕ್ಕಳಿಲ್ಲ ಎಂಬುದೂ ಗೊತ್ತಿತ್ತು. ಆದರೆ ಎದುರಿಗೆ ಬೇರೆ ಗಿರಾಕಿಗಳಿದ್ದರು, ನಾಲಿಗೆ ತುದಿಯಲ್ಲಿ ಮಾತು ಸಿದ್ಧವಿತ್ತು.

"ಏನಮ್ಮಾ, ಮನೇಲಿ ಖಜಾನೆ ಇಟ್ಟಿದ್ದೀರಾ? ಇಲ್ಲ, ಸಂಘದವರು ನುಗ್ಗಿ ಎಳ್ಕೊಂಡು ಹೋಗ್ತಾರೆ ಅಂತ ಭಯಾನಾ?"

ಗಿರಾಕಿಗಳು ನಕ್ಕರು. ಟೈಲರಮ್ಮ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ನಗು ಅಡಗುವವರೆಗೆ ಕಾದು, ಕೌಂಟರಿಗೆ ಹತ್ತಿರ ಬಂದು ದನಿ ತಗ್ಗಿಸಿ, "ಅಣ್ಣಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು," ಎಂದಳು.

"ಸಂಘದ ವಿಷಯ ತಾನೆ? ಅದನ್ನ ಸಭೇಲಿ ಎಲ್ಲರ ಮುಂದೆ ಹೇಳೀಮ್ಮಾ. ಒಬ್ಬೊಬ್ಬರಿಗೆ ಒಂದೊಂದು ರಿಯಾಯಿತಿ ಕೊಡ್ತಾ ಹೋದ್ರೆ ಸಂಘ ನಡೆಸಿದ ಹಾಗೇ."

ಅವಳು ಇನ್ನೊಂದು ಕ್ಷಣ ನಿಂತಳು. ಆಮೇಲೆ ಚಿಲಕವನ್ನೂ ಸ್ಕ್ರೂಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಅಧ್ಯಕ್ಷರು ಬಣ್ಣದ ಡಬ್ಬ ಕೇಳಿದವರ ಕಡೆ ತಿರುಗಿದರು.

ಚಳಿಗಾಲದ ಬಟ್ಟೆ ಸಂಗ್ರಹಕ್ಕೂ ಅವಳು ಬರಲಿಲ್ಲ. ಆದರೆ ಹಿಂದಿನ ದಿನವೇ ಅಧ್ಯಕ್ಷರ ಹೆಂಡತಿಯ ಕೈಯಲ್ಲಿ ಒಂದು ದೊಡ್ಡ ಗಂಟು ಕೊಟ್ಟಿದ್ದಳು. ಹಳೆಯ ಸ್ವೆಟರು, ಕೋಟುಗಳು. ಹರಿದಲ್ಲಿ ತೇಪೆ, ಕಿತ್ತ ಗುಂಡಿಗಳ ಜಾಗದಲ್ಲಿ ಹೊಸ ಗುಂಡಿ, ಎಲ್ಲಕ್ಕೂ ಇಸ್ತ್ರಿ. ಆ ವರ್ಷ ಸಂಗ್ರಹವಾದದ್ದರಲ್ಲಿ ಅಷ್ಟು ಒಪ್ಪವಾದ ಬಟ್ಟೆ ಬೇರೆ ಇರಲಿಲ್ಲ.

"ಈ ಸಲನಾದ್ರೂ ಆ ದರಿದ್ರ ಪೊರಕೆ ಬಿಡ್ರೀ," ಎಂದಳು ಹೆಂಡತಿ.

"ಬಟ್ಟೆ ಬಂತು, ಆಳು ಬಂತಾ? ನಿಯಮ ಅಂದ್ರೆ ನಿಯಮ," ಎಂದರು ಅಧ್ಯಕ್ಷರು. ಗಂಟನ್ನು ಸಂಘದ ಲೆಕ್ಕಕ್ಕೆ ತೆಗೆದುಕೊಂಡರು. ಪೊರಕೆಯನ್ನೂ ಕಟ್ಟಿದರು.

ಚಳಿ ಇಳಿದು ಪಾರ್ಕಿನ ಮರಗಳು ಎಲೆ ಉದುರಿಸುತ್ತಿದ್ದ ಕಾಲ. ಒಂದು ಬೆಳಗ್ಗೆ ಅಧ್ಯಕ್ಷರು ಅಂಗಡಿ ತೆರೆಯುವಾಗ ಮೇಷ್ಟ್ರು ಏದುಸಿರು ಬಿಡುತ್ತ ಬಂದರು. ಟೈಲರಮ್ಮನ ಗಂಡ ನಸುಕಿನಲ್ಲೇ ಮನೆಯಿಂದ ಹೊರಬಿದ್ದು, ನಡೆದುಕೊಂಡೇ ಹಳೆಯ ಬಸ್ ಡಿಪೋ ತನಕ ಹೋಗಿದ್ದ. ಅಲ್ಲಿ ನಿಂತಿದ್ದ ಬಸ್ಸೊಂದಕ್ಕೆ ಹತ್ತಲು ಹೋಗಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅವನಿಗೆ ಎರಡು ಮೂರು ವರ್ಷಗಳಿಂದಲೂ ಮರೆವಿನ ಕಾಯಿಲೆಯಂತೆ. ಮನೆಯ ದಾರಿ ಗೊತ್ತಾಗುವುದಿಲ್ಲ, ಕೆಲವು ದಿನ ಹೆಂಡತಿಯ ಗುರುತೂ ಹತ್ತುವುದಿಲ್ಲವಂತೆ.

ಅಧ್ಯಕ್ಷರ ನೆನಪಿಗೆ ಕಿಟಕಿಯ ಆ ಚಪ್ಪಾಳೆ, ಬಾಗಿಲ ಮೇಲಿನ ಚಿಲಕ, "ಒಂದು ಮಾತು ಹೇಳ್ಬೇಕಿತ್ತು" ಎಂಬ ತಗ್ಗಿದ ದನಿ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಅಂಗಡಿಯನ್ನು ಮತ್ತೆ ಮುಚ್ಚಿ ಆಸ್ಪತ್ರೆಗೆ ಓಡಿದರು.

ಟೈಲರಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡಿದ್ದಳು. ಶಾಲೆಗೆ ತುರ್ತಾಗಿ ಕೊಡಬೇಕಾದ ಯೂನಿಫಾರಂ ರಾಶಿಯಿತ್ತಂತೆ, ಮಿಷನ್ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದಳಂತೆ. ಮೇಲಿನ ಚಿಲಕ ಹಾಕಲು ಅವತ್ತು ಮರೆತಿದ್ದಳು.

"ಎದ್ದು ನೋಡಿದ್ರೆ ಬಾಗಿಲು ತೆರೆದಿತ್ತು. ಪಾರ್ಕು, ಮಾರ್ಕೆಟ್ಟು, ರೈಲ್ವೆ ಗೇಟು, ಎಲ್ಲಾ ಕಡೆ ಓಡಾಡ್ದೆ. ಡಿಪೋ ನೆನಪಾಗೋ ಹೊತ್ತಿಗೆ..." ಎಂದು ನಿಲ್ಲಿಸಿದಳು.

"ಒಬ್ಬಳೇ ಯಾಕಮ್ಮಾ ಓಡಾಡ್ದೆ? ನಮ್ಮ ಬಾಗಿಲು ತಟ್ಟಬಾರದಿತ್ತಾ? ಬೀದಿಗೆ ಬೀದಿನೇ ಎದ್ದು ಬರ್ತಿರ್ಲಿಲ್ವಾ?"

ಅವಳು ಅವರನ್ನೇ ನೋಡಿದಳು. ಕಣ್ಣಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಧ್ಯಕ್ಷರಿಗೆ ಎಷ್ಟೋ ಹಗುರವಾಗುತ್ತಿತ್ತು.

"ತಟ್ಟೋಣ ಅಂತ ನಮ್ಮ ಗೇಟ್ ತನಕ ಬಂದೆ ಅಣ್ಣಾ. ಗೇಟ್ ತೆಗೆದ್ರೆ ಆ ಪೊರಕೆ ಕೈಗೆ ತಗುಲ್ತು. ಯಾವ ಮುಖ ಇಟ್ಕೊಂಡು ಹೋಗಿ ಕರೀಲಿ? ಯಾವತ್ತೂ ಬಾರದೋಳು ಈಗ ಮಾತ್ರ ಬಂದ್ಲು ಅಂತ ನೀವೆಲ್ಲ ನಕ್ರೆ ಅಂತ ಅನ್ನಿಸ್ತು."

"ಇಂಥ ಹೊತ್ತಲ್ಲಿ ನಗ್ತೀವಾಮ್ಮಾ?"

"ನಗ್ತಿರ್ಲಿಲ್ಲ, ಈಗ ಗೊತ್ತಾಗುತ್ತೆ. ಆವಾಗ ಗೊತ್ತಾಗ್ಲಿಲ್ಲ. ತಪ್ಪು ನಂದೂ ಇದೆ. ಊರಿನ ಸ್ಟಾಪ್‌ಗಳೆಲ್ಲ ಕಂಠಪಾಠ ಇದ್ದ ಮನುಷ್ಯ. ಅವರಿಗೆ ಹೀಗಾಗಿದೆ ಅಂತ ಹೇಳಿದ್ರೆ ಜನ ಹುಚ್ಚ ಅಂತಾರೆ ಅಂತ ಮುಚ್ಚಿಟ್ಟೆ. ಒಂದೇ ಒಂದು ಸಲ ಹೇಳೋಣ ಅನ್ನಿಸಿತ್ತು..." ಮುಂದಕ್ಕೆ ಅವಳು ಹೇಳಲಿಲ್ಲ, ಅಧ್ಯಕ್ಷರೂ ಕೇಳಲಿಲ್ಲ.

ಇನ್ನು ಅವನು ನಡೆಯುವುದು ಕಷ್ಟ ಎಂದರು ಆಸ್ಪತ್ರೆಯ ಡಾಕ್ಟರು. ಒಂದು ಗಂಟೆ ಮೊದಲು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅವನು ಬೀಳುತ್ತಲೇ ಇರಲಿಲ್ಲ ಎಂಬುದನ್ನು ಡಾಕ್ಟರು ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯಿಂದ ಬಂದ ಅಧ್ಯಕ್ಷರು ಮನೆಗೂ ಹೋಗದೆ ಬೀದಿಯ ಕೊನೆಗೆ ನಡೆದರು. ಪೊರಕೆಯ ರಿಬ್ಬನ್ನಿಗೆ ತಾವೇ ಹಾಕಿದ ಗಂಟು. ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಎದುರು ಮನೆಯವರು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟರು.

ಆ ವಾರ ಸಂಘದ ಸಭೆ ಮೇಷ್ಟ್ರ ವರಾಂಡದಲ್ಲಿ ಸೇರಿತು. ಪೊರಕೆ ಕಟ್ಟುವುದನ್ನು ಇನ್ನು ನಿಲ್ಲಿಸೋಣ ಎಂದರು ಅಧ್ಯಕ್ಷರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಆಗಿದ್ದು ಆಗಬಾರದಿತ್ತು, ಒಪ್ತೀನಿ. ಆದ್ರೆ ಇದನ್ನ ತೆಗೆದ್ರೆ ಮತ್ತೆ ನಾವು ನಾಲ್ಕೇ ಜನ ಚರಂಡಿಗೆ ಇಳೀಬೇಕು. ಹೋದ ಮಳೆಗೆ ಒಂದು ಮನೆಗೂ ನೀರು ನುಗ್ಗಲಿಲ್ಲ, ಅದನ್ನೂ ನೆನಪಿಡಿ. ಆಯಮ್ಮ ಒಂದು ಮಾತು ಹೇಳಿದ್ದಿದ್ರೆ ನಾವೇನು ರಾಕ್ಷಸರಾ?"

ಅದುವರೆಗೆ ಸುಮ್ಮನಿದ್ದ ಹಲ್ಲಿನ ಡಾಕ್ಟರು ಬಾಯಿ ಬಿಟ್ಟರು. "ಮೊದಲನೇ ಸಲ ನನ್ನ ಗೇಟಿಗೆ ಕಟ್ಟಿದಾಗ ನಾನೂ ನಕ್ಕೆ. ಯಾಕೆ ನಕ್ಕೆ ಗೊತ್ತಾ ಮೇಷ್ಟ್ರೇ? ನಗದೇ ಇದ್ರೆ ನೀವೆಲ್ಲ ಇನ್ನೂ ಜೋರಾಗಿ ನಗ್ತಿದ್ರಿ. ಹಿಂದಿನ ರಾತ್ರಿಯಿಡೀ ನನ್ನ ಮಗಳಿಗೆ ಜ್ವರ ಸುಡ್ತಾ ಇತ್ತು."

"ಹೇಳ್ಲೇ ಇಲ್ಲವಲ್ಲ ನೀವು!" ಎಂದರು ಅಧ್ಯಕ್ಷರು.

"ನೀವು ಕೇಳ್ಲೇ ಇಲ್ಲವಲ್ಲ," ಎಂದರು ಡಾಕ್ಟರು.

ಪೊರಕೆ ಕಟ್ಟುವುದು ನಿಂತಿತು. ಬಾರದ ಮನೆಗೆ ಇಬ್ಬರು ಹೋಗಿ ಏನಾಗಿದೆ ಎಂದು ವಿಚಾರಿಸಿ ಬರಬೇಕು ಎಂದಾಯಿತು. ಮೇಷ್ಟ್ರಿಗೆ ಪೂರ್ತಿ ಒಪ್ಪಿಗೆಯಿರಲಿಲ್ಲ, ಆದರೂ ಕೈ ಎತ್ತಿದರು.

ಬೇಸಿಗೆ ಬಂತು. ಟ್ಯಾಂಕು ತೊಳೆಯುವ ಭಾನುವಾರ ಸೀಟಿ ಊದಿದವರು ಹಲ್ಲಿನ ಡಾಕ್ಟರು. ಹಿಂದಿನಷ್ಟು ಜನ ಸೇರಿರಲಿಲ್ಲ. ಅಧ್ಯಕ್ಷರು ಅತ್ತ ತಿರುಗಿಯೂ ನೋಡದೆ ಟೈಲರಮ್ಮನ ಬಾಗಿಲು ತಟ್ಟಿದರು.

ಬಾಗಿಲು ಅಂಗೈಯಗಲವೇ ತೆರೆಯಿತು. "ಏನಣ್ಣಾ? ನನಗೆ ಬರಕ್ಕಾಗಲ್ಲ, ನಿಮಗೇ ಗೊತ್ತಲ್ಲ."

"ಕರೆಯೋಕೆ ಬಂದಿಲ್ಲಮ್ಮಾ. ನಿನ್ನ ಯಜಮಾನ್ರ ಹತ್ರ ನಾನು ಕೂತಿರ್ತೀನಿ. ನೀನು ಸ್ವಲ್ಪ ಮಲಕ್ಕೋ."

ಅವಳು ಕೂಡಲೇ ದಾರಿ ಬಿಡಲಿಲ್ಲ. ಅಷ್ಟು ಸುಲಭವಾಗಿ ದಾರಿ ಸಿಗುತ್ತದೆಂದು ಅಧ್ಯಕ್ಷರೂ ಅಂದುಕೊಂಡಿರಲಿಲ್ಲ. ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಕ್ಷಮೆಯ ಮಾತುಗಳೆಲ್ಲ ಎಲ್ಲಿ ಹೋದವೋ, ಊರಿಗೆಲ್ಲ ಮಾತು ಹಂಚುತ್ತಿದ್ದ ಮನುಷ್ಯ ಚಪ್ಪಲಿ ಕಳಚಿ ಹೊಸ್ತಿಲ ಪಕ್ಕಕ್ಕೆ ಇಟ್ಟರು. ಕೊನೆಗೆ ಅವಳು, "ನೀರು ಕೇಳಿದ್ರೆ ಚಮಚದಲ್ಲಿ ಕುಡಿಸ್ಬೇಕು," ಎಂದು ಬಾಗಿಲು ಪೂರ್ತಿ ತೆರೆದಳು. ಒಳಗಿನ ಕೋಣೆಗೆ ಹೋಗಿ ಚಾಪೆಯ ಮೇಲೆ ಒರಗಿದ್ದಷ್ಟೇ, ಹಾಗೇ ನಿದ್ದೆ ಹೋದಳು.

ಡ್ರೈವರ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಕಾಲ ಮೇಲೆ ಹೊದಿಕೆಯಿತ್ತು. ಅಧ್ಯಕ್ಷರನ್ನು ಕಂಡು ಹುಬ್ಬು ಗಂಟಿಕ್ಕಿದ.

"ಎಷ್ಟು ತಡ ಮಾಡ್ತೀಯಪ್ಪಾ ಕಂಡಕ್ಟರ್? ಜನ ಎಲ್ಲಾ ಹತ್ತಿದ್ರಾ?"

ಅಧ್ಯಕ್ಷರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಹತ್ತಿದ್ರು ಅಣ್ಣಾ. ರೈಟ್ ಹೇಳ್ಲಾ?"

"ಏ, ತಡಿ ತಡಿ!" ಡ್ರೈವರ್ ಗಾಬರಿಯಿಂದ ಅವರ ತೋಳು ಹಿಡಿದುಕೊಂಡ. "ಅಲ್ಲಿ ಹಿಂದೆ ಒಬ್ಬಳು ಹೆಂಗಸು ಓಡಿ ಬರ್ತಿದ್ದಾಳೆ ನೋಡು. ಆಗ್ಲಿಂದ ಓಡ್ತಾನೇ ಇದ್ದಾಳೆ, ಪಾಪ. ಯಾರೂ ನಿಲ್ಲಿಸ್ತಾನೇ ಇಲ್ಲ."

ಅಧ್ಯಕ್ಷರು ಒಳಗಿನ ಕೋಣೆಯತ್ತ ಒಮ್ಮೆ ನೋಡಿದರು.

"ನಿಲ್ಸಿದ್ದೀನಿ ಅಣ್ಣಾ," ಎಂದರು. "ಅವರು ಬರೋ ತನಕ ಹೊರಡಲ್ಲ."

ಡ್ರೈವರ್ ಸಮಾಧಾನದಿಂದ ತಲೆಯಾಡಿಸಿದ. ಹಿಡಿದ ತೋಳನ್ನು ಮಾತ್ರ ಬಿಡಲಿಲ್ಲ. ಟೈಲರಮ್ಮ ಏಳುವವರೆಗೂ ಅಧ್ಯಕ್ಷರು ಅದನ್ನು ಬಿಡಿಸಿಕೊಳ್ಳದೆ ಹಾಗೇ ಕೂತಿದ್ದರು.