ಬೆವರು ಬಿಟ್ಟ ಮೇಲೆ
ಬೆವರು, ಹಣೆ ತುಂಬ ಬೆವರು, ದರ್ಜಿಯ ಹುಬ್ಬಿನಂಚಿಗೆ ಬಂದ ಒಂದು ಹನಿ ಬೀಳಲೋ ಬೇಡವೋ ಅಂತ ನಿಂತಿದೆ, ಸದ್ಯ, ಜ್ವರ ಬಿಡ್ತು, ಅಂದುಕೊಂಡಳು ನರ್ಸ್, ಅವನ ಹೆಂಡತಿಯೂ ಅದನ್ನೇ ಅಂದಳು, ನೋಡಮ್ಮಾ, ಬೆವರ್ತಾ ಇದಾರೆ, ಇನ್ನೇನು ಭಯ ಇಲ್ಲ ಅಲ್ವಾ — ನರ್ಸ್ ಚಿಕ್ಕವಳಿದ್ದಾಗ ಅವಳ ಅಮ್ಮನೂ ಹೀಗೇ, ಹಳೇ ಟವೆಲ್ಲಲ್ಲಿ ಕತ್ತು ಒರೆಸುತ್ತಾ, ಬೆವರು ಬಂತು ಕಣೇ, ಗೆದ್ದೆ, ಅನ್ನುತ್ತಿದ್ದಳು, ಆದರೆ ಅದು ಬೆಚ್ಚಗಿನ ಬೆವರು, ಇದು ತಣ್ಣಗಿದೆ, ಯಾಕೆ ಇಷ್ಟು ತಣ್ಣಗೆ, ಮುಂಗೈ ಹಿಡಿದು ನಾಡಿ ಹುಡುಕಿದಳು, ದಾರದೆಳೆಯಷ್ಟು ಸಣ್ಣಗೆ ಓಡುತ್ತಿದೆ, ಅರ್ಧ ಗಂಟೆ ಹಿಂದೆ ನೂರಮೂರು ಜ್ವರದಲ್ಲೂ ಸುಮ್ಮನಿರದ ಮನುಷ್ಯ, ಸಿಸ್ಟರ್, ನಿಮ್ಮ ಯೂನಿಫಾರ್ಮಿನ ಎಡಭುಜ ಅರ್ಧ ಇಂಚು ಇಳಿದಿದೆ, ಯಾವ ಪುಣ್ಯಾತ್ಮ ಹೊಲಿದ, ಅಂತ ನಗಿಸಿದವನು, ಈಗ ತುಟಿ ಸುಣ್ಣದ ಹಾಗಾಗಿದೆ, ತೋಳಿಗೆ ಬಿಪಿ ಪಟ್ಟಿ ಸುತ್ತಿ ಬಟನ್ ಒತ್ತಿದಳು, ಎಪ್ಪತ್ತೆರಡು, ಬಂದಾಗ ನೂರಹತ್ತಿತ್ತಲ್ಲ, ಯಂತ್ರ ಕೆಟ್ಟಿರಬೇಕು, ಕೆಟ್ಟಿರಲಿ ದೇವರೇ, ಮತ್ತೆ ಒತ್ತಿದಳು, ಎಪ್ಪತ್ತು — ಡಾಕ್ಟರ್!

ಡಾಕ್ಟರಮ್ಮ ಓಡಿ ಬಂದರು, ಕಾಲು ಮೇಲೆತ್ತಿ, ಸಲೈನ್ ಪೂರ್ತಿ ಬಿಡಿ, ಇನ್ನೊಂದು ಸೂಜಿ ಹಾಕಿ, ಮೂರು ದಿನದಿಂದ ನೀರೂ ಕುಡಿದಿಲ್ಲ ಇವರು, ಜ್ವರದ ಔಷಧಿಗೆ ರಕ್ತನಾಳ ಸಡಿಲಾಗಿವೆ, ನಿಧಾನಕ್ಕೆ ಕೊಟ್ಟರೂ ಕೆಲವರಿಗೆ ಹೀಗಾಗುತ್ತೆ, ಹದಿನೈದು ನಿಮಿಷಕ್ಕೆ ಕಮ್ಮಿ ಬಿಡಬಾರದು, ಎಷ್ಟು ಹೊತ್ತಲ್ಲಿ ಹೋಯ್ತು ಆ ಔಷಧಿ ಬಾಟಲಿ — ಹದಿನೈದು ನಿಮಿಷ ಡಾಕ್ಟರ್, ಮಾತು ತಾನಾಗಿ ಜಾರಿಬಿತ್ತು, ಎಷ್ಟು ಸಲೀಸು, ಕೈ ಸೂಜಿ ಚುಚ್ಚುತ್ತಿದೆ, ಅಂಟುಪಟ್ಟಿ ಹರಿಯುತ್ತಿದೆ, ಒಳಗೆ ಮಾತ್ರ ಏಳು, ಏಳೇ ಏಳು, ಹೆಚ್ಚೆಂದರೆ ಎಂಟು ನಿಮಿಷ, ಮೈ ಕಾದ ಹೆಂಚಾಗಿದೆ, ಸ್ವಲ್ಪ ಬೇಗ ಬಿಡಮ್ಮಾ ಅಂತ ಹೆಂಡತಿ ಗೋಗರೆದಿದ್ದಳು, ಬಾಗಿಲಲ್ಲಿ ಇನ್ನೂ ಮೂರು ಸ್ಟ್ರೆಚರ್ ಕಾಯುತ್ತಿದ್ದವು, ಆಗ ಔಷಧಿ ಕೊಳವೆಯ ಮೇಲೆ ಹನಿಯ ವೇಗ ಏರಿಸೋ ಆ ಪುಟ್ಟ ಚಕ್ರ, ಅವಳ ಹೆಬ್ಬೆರಳು, ಒಂದೇ ಒಂದು ಸಲ ಮೇಲಕ್ಕೆ — ಎಪ್ಪತ್ತೆಂಟು, ಅಂದರು ಡಾಕ್ಟರಮ್ಮ, ಎಂಬತ್ತಾರು, ಬರ್ತಾ ಇದೆ, ತೊಂಬತ್ತೆಂಟು.

ದರ್ಜಿ ಕಣ್ಣುಬಿಟ್ಟ, ಅಂಗಡಿಗೆ ಬೀಗ ಹಾಕಿದೀಯೇನೇ ಅಂದ, ಹೆಂಡತಿ ಅಳುತ್ತಲೇ ನಕ್ಕಳು, ನಿಮ್ಮ ಅಂಗಡಿಗಿಷ್ಟು ಬೆಂಕಿ ಹಾಕ, ಆಮೇಲೆ ನರ್ಸಿನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ನಿನ್ನ ಕೈಗುಣ ತಾಯಿ, ನೀನಿಲ್ಲದಿದ್ರೆ ಏನಾಗ್ತಿತ್ತು, ಬೇಡ, ಈ ಕೈ ಬೇಡ, ಬಿಡಿಸಿಕೊಂಡು ಸೀದಾ ಡಾಕ್ಟರಮ್ಮನ ಮೇಜಿಗೆ ಹೋದಳು, ಹದಿನೈದಲ್ಲ ಡಾಕ್ಟರ್, ಏಳೆಂಟು ನಿಮಿಷ, ನಾನೇ ಜೋರು ಬಿಟ್ಟೆ, ಆಮೇಲೆ ಬಿಪಿನೂ ನೋಡಲಿಲ್ಲ, ಆಗ ಸುಳ್ಳು ಹೇಳಿದೆ. ಅವರು ಕನ್ನಡಕ ತೆಗೆದರು, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಅದಕ್ಕೇ ಬಿಪಿ ಬಿತ್ತೋ, ಹೇಗಿದ್ರೂ ಬೀಳ್ತಿತ್ತೋ ನನಗೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ, ಅಂದರು, ನಡೆದದ್ದು ನಡೆದ ಹಾಗೆ ಬರೀರಿ, ಅವರ ಮನೆಯವರಿಗೆ ನಾವಿಬ್ಬರೂ ಹೋಗಿ ಹೇಳೋಣ. ಹಾಳೆ ಎಳೆದುಕೊಂಡಳು, ಹನ್ನೊಂದೂ ಹತ್ತಕ್ಕೆ ಔಷಧಿ ಶುರು, ಬರೆದಳು, ಹನ್ನೊಂದೂ ಹದಿನೇಳಕ್ಕೆ ಬಾಟಲಿ ಖಾಲಿ, ಆಮೇಲೆ ಏನು ಬರೆಯೋದು, ಎಷ್ಟು ಮೆತ್ತಗೆ ತಿರುಗಿತ್ತು ಅದು, ಬೆಣ್ಣೆಯ ಹಾಗೆ, ಚಕ್ರ, ಹೆಬ್ಬೆರಳು, ಮೇಲಕ್ಕೆ, ಹೆಬ್ಬೆರಳು, ಮೇಲಕ್ಕೆ —